ಆಕೆ ಫೋನ್ ಮಾಡಿದ್ದಳೇ ಎಂದು ಕೇಳಿದರೆ

ಶನಿವಾರ ಬೆಳಿಗ್ಗೆಯಿಂದ ಜರ್ಮನಿಯ ಬೊಬ್ಲಿಂಗೆನ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸುದ್ದಿ. ಫೊಯರ್‌ಬಾಕ್ ರೈಲು ನಿಲ್ದಾಣದ ಬಳಿ ಕನ್ನಡದ ಹೆಣ್ಣುಮಗಳೊಬ್ಬಳ ಮೇಲೆ ಹಲ್ಲೆಯಾಗಿದೆ. ಯಾರವಳು, ಯಾವ ಊರು ಎಂದು ಎಲ್ಲರಿಗೂ ತವಕ.

ನಜ್ಮುನ್ನೀಸಾಳ ಚಡಪಡಿಕೆಯೇ ಬೇರೆ. ವಾರವೆಲ್ಲ ಎಂಜಿನಿಯರ್ ಆದ ಆಕೆ, ಶನಿವಾರ ಮನೆಯಿಂದಲೇ ಅಪರಾಧ ಸಂತ್ರಸ್ತರ ಸಹಾಯವಾಣಿಯ ಕನ್ನಡ ಕರೆಗಳನ್ನು ತೆಗೆದುಕೊಳ್ಳುತ್ತಾಳೆ. ಹನ್ನೊಂದಕ್ಕೆ ಬೆಂಗಳೂರಿನ ವರದಿಗಾರನೊಬ್ಬ ಅದೇ ನಂಬರಿಗೆ ಫೋನ್ ಮಾಡಿದ್ದ.

“ಮೇಡಂ, ಆ ಹುಡುಗಿ ನಿಮಗೆ ಕಾಲ್ ಮಾಡಿದ್ರಾ? ಹೆಸರು ಬೇಡ. ಹೌದೋ ಇಲ್ವೋ, ಅಷ್ಟೇ ಸಾಕು. ನಾವೂ ಕನ್ನಡದವರೇ ಅಲ್ವಾ?”

ಹನ್ನೆರಡರೊಳಗೆ ತಿಳಿಸುತ್ತೇನೆಂದು ಫೋನ್ ಇಟ್ಟವಳು, ಈಗ ಕಿಟಕಿಗೂ ಸೋಫಾಕ್ಕೂ ಓಡಾಡುತ್ತಿದ್ದಳು.

“ಕಾಲ್ ಬಂದಿತ್ತಾ?” ಗಂಡ ಶಾದಾಬ್ ಕೇಳಿದ.

“ಬಂದಿದ್ರೆ ನಿನಗೆ ಹೇಳ್ತಿದ್ನಾ?”

“ಬಂದಿಲ್ಲ ಅಂದ್ರೆ ಬಂದಿಲ್ಲ ಅನ್ನು ಮಾರಾಯ್ತಿ. ಜರ್ಮನ್ನರ ತರಹ ಮಾತೆತ್ತಿದ್ರೆ ‘ಡಾಟೆನ್‌ಶುಟ್ಸ್’ ಅಂತೀಯ, ಮಾಹಿತಿ ಗೋಪ್ಯ ಅಂತೀಯ. ಬರೀ ‘ಇಲ್ಲ’ ಅಂದ್ರೆ ಯಾರ ಗುಟ್ಟು ಹೋಗುತ್ತೆ?”

ಆಕೆ ಫೋನ್ ಎತ್ತಿಕೊಂಡಳು. ಸಹಾಯವಾಣಿಯ ಪರವಾಗಿ ಪತ್ರಿಕೆಗಳ ಜೊತೆ ಮಾತಾಡುವ, ಕಾರ್ಲ್ಸ್‌ರುಹೆಯ ಪ್ರೇಮಕುಮಾರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು. ಬರೀ ‘ಇಲ್ಲ’ ಅಂದರೇನು ತಪ್ಪು ಎಂದು ಶಾದಾಬನೇ ಮತ್ತೆ ಕೇಳಿದ.

“ಸರಿ, ಇವತ್ತು ‘ಇಲ್ಲ’ ಅಂತೀರಿ,” ಎಂದರು ಪ್ರೇಮಕುಮಾರಿ. “ಮುಂದಿನ ವಾರ ಇನ್ನೊಂದು ಕೇಸು. ಆಗ ನಿಜವಾಗ್ಲೂ ಕಾಲ್ ಬಂದಿರುತ್ತೆ. ಏನಂತೀರಿ?”

“ಹೇಳಕ್ಕಾಗಲ್ಲ ಅಂತೀವಿ.”

“ವರದಿಗಾರ ಏನು ಬರ್ಕೋತಾನೆ?”

“ಬಂದಿದೆ ಅಂತ.”

“ನೋಡಿ ಮತ್ತೆ! ಅದೂ ಅಲ್ದೆ, ಸಹಾಯವಾಣಿಗೇ ಫೋನ್ ಮಾಡಿಲ್ಲವಂತೆ ಅಂತ ಅಚ್ಚಾದ್ರೆ ಜನ ಏನಂತಾರೆ? ಅವಳು ಹೇಳಿದ್ದೇ ಸುಳ್ಳು ಅಂತಾರೆ. ಅದಕ್ಕೇ ಎಲ್ಲರಿಗೂ ಯಾವಾಗ್ಲೂ ಒಂದೇ ಉತ್ತರ. ನಜ್ಮುನ್ನೀಸಾ, ಆ ವರದಿಗಾರನ ಮೇಲೆ ರೇಗಬೇಡಮ್ಮ, ಕೇಳೋದು ಆತನ ಕೆಲಸ. ಹೆಸರು, ಪತ್ರಿಕೆ, ನಂಬರ್ ಬರೆದುಕೊಂಡು ನನಗೆ ಕಳಿಸು. ನಾವು ಏನು ನೆರವು ಕೊಡ್ತೀವಿ ಅನ್ನೋದನ್ನ ನಾನು ವಿವರಿಸ್ತೀನಿ.”

ಹನ್ನೆರಡಕ್ಕೆ ಐದು ನಿಮಿಷವಿತ್ತು. ನಜ್ಮುನ್ನೀಸಾ ವರದಿಗಾರನಿಗೆ ಫೋನ್ ಮಾಡಿದಳು. “ಯಾರು ಕಾಲ್ ಮಾಡಿದ್ರು, ಯಾರು ಮಾಡಿಲ್ಲ, ಎರಡನ್ನೂ ನಾವು ಹೇಳೋದಿಲ್ಲ ಸರ್. ಯಾರ ವಿಷಯದಲ್ಲೂ.”

“ಒಂದು ಮಾತಿಗೆ ಇಷ್ಟು ಬಿಗುಮಾನವಾ ಮೇಡಂ!” ಎಂದು ಗೊಣಗಿದರೂ ಆತ ತನ್ನ ವಿವರ ಕೊಟ್ಟು, ಪ್ರೇಮಕುಮಾರಿಯ ನಂಬರ್ ಬರೆದುಕೊಂಡ.

ಒಂದು ಗಂಟೆಗೆ ಸಹಾಯವಾಣಿ ಮತ್ತೆ ರಿಂಗಾಯಿತು. ಹೆಣ್ಣು ದನಿ, ಕನ್ನಡ.

“ನಾನಿಲ್ಲಿಗೆ ಫೋನ್ ಮಾಡಿದ್ದು... ಆಮೇಲೆ ಯಾರಾದ್ರೂ ಕೇಳಿದ್ರೆ?”

“ಯಾರು ಕೇಳಿದ್ರೂ ಹೇಳಲ್ಲಮ್ಮ.”

ಶಾದಾಬ್ ತಾನಾಗಿ ಎದ್ದು ಹೊರಗೆ ನಡೆದ, ಬಾಗಿಲು ಎಳೆದುಕೊಂಡ. ಒಳಗೆ ಆ ದನಿ ನಿಧಾನವಾಗಿ ಮಾತಾಡತೊಡಗಿತು.

ಆಕೆ ಯಾರು ಎಂಬುದನ್ನು ಈ ಕಥೆಯೂ ಹೇಳುವುದಿಲ್ಲ. ನೀವೂ ಇಂಥ ಕೆಲಸದಲ್ಲಿದ್ದರೆ, ನಾಳೆ ಪತ್ರಕರ್ತರೋ ಗುಂಪಿನ ಗೆಳೆಯರೋ ನಿಮ್ಮನ್ನೂ ಹೀಗೇ ಕೇಳಬಹುದು. ಹೌದು ಎನ್ನಬೇಡಿ, ಇಲ್ಲ ಎಂದೂ ಅನ್ನಬೇಡಿ. ಉತ್ತರಿಸುವ ಹೊಣೆ ಹೊತ್ತವರ ನಂಬರ್ ಕೊಡಿ. ನೊಂದವರು ನೀವೇ ಆಗಿದ್ದರೆ ಅಳುಕದೆ ಫೋನ್ ಮಾಡಿ. ನಿಮಗಾದದ್ದನ್ನು ಯಾರಿಗೆ ಹೇಳಬೇಕೆಂದು ತೀರ್ಮಾನಿಸುವವರು ನೀವು ಮಾತ್ರ.