ನಲವತ್ತೆರಡು ಮಕ್ಕಳು ಕೂರಲಿಲ್ಲ

ಬಾಲಯೇಸುವಿನ ಆಣೆ, ನಮ್ಮಮ್ಮನ ಆಣೆ, ಈ ಕ್ಯಾಂಟೀನಿನ ಅನ್ನದ ಆಣೆ, ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೋದ ವಾರ ಹೇಳಿದ್ದರಲ್ಲಿ ಸ್ವಲ್ಪ ಇತ್ತು, ಒಪ್ಪುತ್ತೇನೆ. ಮೆಕಾಂಗ್ ನದಿಯ ಮೀನು ನನ್ನ ಬೈಕನ್ನು ಪೂರ್ತಿ ನುಂಗಲಿಲ್ಲ, ಹಿಂದಿನ ಚಕ್ರ ಮಾತ್ರ. ಆದರೆ ಇದು ನಿಜ. ಆ ಟ್ರೇ ಮೇಜಿನ ಮೇಲಿಡು ಆರ್ಲೀನ್, ಕೂತುಕೋ. ಅಧಿಕಾರಿಗಳು ಬರುವುದು ಒಂಬತ್ತೂವರೆಗೆ. ಇನ್ನೂ ಅರ್ಧ ಗಂಟೆ ಇದೆ.

ನೀನು ನಮ್ಮ ಫಿಲಿಪ್ಪೀನ್ಸಿನಿಂದ ಈ ಥಾಯ್ ಸರ್ಕಾರಿ ಶಾಲೆಗೆ ಬಂದು ಮೂರು ತಿಂಗಳು. ನಾನು ಬಂದು ಹದಿನಾಲ್ಕು ವರ್ಷ. ನಿನ್ನ ಕುರ್ಚಿಯಲ್ಲಿ ನಿನಗಿಂತ ಮುಂಚೆ ಕೂರುತ್ತಿದ್ದವಳು ಲುಡಿವಿನಾ. ಅವಳೂ ನಮ್ಮ ದೇಶದವಳೇ, ಇಲೋಯಿಲೊ ಕಡೆಯವಳು, ನಲವತ್ತು ದಾಟಿದವಳು. ಮಕ್ಕಳಿಗೆ ಟೀಚರ್ ಲುಡಿ. ಆ ಕುರ್ಚಿಯ ಒಂದು ಕಾಲು ಕುಂಟು, ನೋಡಿದ್ದೀಯಲ್ಲ. ಅದನ್ನು ಸರಿಮಾಡಿಸಿ ಅಂತ ಅವಳು ಅರ್ಜಿ ಬರೆದಳು. ಮೂರು ತಿಂಗಳಾದ ಮೇಲೆ ಉತ್ತರ ಬಂತು: ಕುರ್ಚಿಯ ಬಣ್ಣ ಯಾವುದು ತಿಳಿಸಿ.

ಬೆಳಿಗ್ಗೆ ಏಳೂಕಾಲಿಗೆ ಮೆಷಿನ್ನಿಗೆ ಬೆರಳು ಒತ್ತಬೇಕು. ಬೋರ್ಡು ಒರೆಸಿ ಒರೆಸಿ ಅವಳ ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ಮೆಷಿನ್ನು ಅವಳನ್ನು ಗುರುತಿಸುತ್ತಿರಲಿಲ್ಲ. ದಿನಾ ‘ಮತ್ತೊಮ್ಮೆ ಪ್ರಯತ್ನಿಸಿ’ ಅನ್ನುತ್ತಿತ್ತು. ಎಂಟು ವರ್ಷ ಅವಳು ಮತ್ತೊಮ್ಮೆ ಪ್ರಯತ್ನಿಸಿದಳು. ಆಮೇಲೆ ಗೇಟಿನಲ್ಲಿ ಬಿಸಿಲಿಗೆ ನಿಂತು ಸಾವಿರದಿನ್ನೂರು ಮಕ್ಕಳ ಕೈಮುಗಿತಕ್ಕೆ ತಿರುಗಿ ಕೈಮುಗಿಯಬೇಕು. ಆಮೇಲೆ ಬಾವುಟ, ಆಮೇಲೆ ಪಾಠ. ರಜೆ ಬಂತು ಅಂದರೆ ಥಾಯ್ ಮೇಷ್ಟ್ರುಗಳು ಮನೆಗೆ ಹೋಗುತ್ತಾರೆ, ನಾವು ಹೊರಗಿನವರು ಖಾಲಿ ಶಾಲೆಗೆ ಬಂದು ಖಾಲಿ ಮೇಜಿನ ಮುಂದೆ ಕೂರಬೇಕು. ಯಾಕೆ ಅಂತ ಕೇಳಬೇಡ. ಕಾಂಟ್ರಾಕ್ಟಿನಲ್ಲಿದೆ. ಆರು ವಾರ ಲುಡಿಯೂ ಶಾಲೆಯ ನಾಯಿಯೂ ಎದುರುಬದುರು ಕೂತಿದ್ದರು. ನಾಲ್ಕನೇ ವಾರ ನಾಯಿಯೂ ಬೇಜಾರಾಗಿ ಮನೆಗೆ ಹೋಯಿತು.

ಆದರೆ ಪಾಠ ಅಂದರೆ ಪಾಠ. ನಾಲ್ಕನೇ ಕ್ಲಾಸ್ ಬಿ ಸೆಕ್ಷನ್ನಿನ ನಲವತ್ತೆರಡು ಮಕ್ಕಳಿಗೆ ಅವಳು ಎಷ್ಟು ಇಂಗ್ಲಿಷ್ ಕಲಿಸಿದಳೆಂದರೆ, ಕಿಟಕಿಯಾಚೆ ಹುಣಸೇಮರದಲ್ಲಿದ್ದ ಮೈನಾ ಹಕ್ಕಿ ಕೂಡ ‘ಐಯಾಮ್ ಫೈನ್ ಥ್ಯಾಂಕ್ಯೂ’ ಅನ್ನುತ್ತಿತ್ತು. ಕೇಳಿದ್ದೀಯಲ್ಲ. ಈಗಲೂ ಅನ್ನುತ್ತದೆ, ಯಾರೂ ಕೇಳದಿದ್ದರೂ.

ಹೋದ ವರ್ಷ ಇದೇ ತಿಂಗಳು, ಇದೇ ಪ್ರದರ್ಶನ ಪಾಠ. ಜಿಲ್ಲೆಯಿಂದ ಅಧಿಕಾರಿಗಳು, ಜೊತೆಗೆ ಅಪ್ಪ-ಅಮ್ಮಂದಿರು, ಎಲ್ಲರೂ ಕ್ಲಾಸಿನ ಹಿಂದೆ ಕೂತು ನೋಡುತ್ತಾರೆ. ಲುಡಿ ಆರು ವಾರ ಮಕ್ಕಳಿಗೆ ತಯಾರಿ ಮಾಡಿಸಿದಳು. ‘ಹಣ್ಣಿನಂಗಡಿ’ ಅನ್ನುವ ಪಾಠ. ಮನೆಯಿಂದ ರಟ್ಟು ತಂದು ಮಾವು, ರಂಬೂಟಾನ್, ಡೂರಿಯನ್ ಎಲ್ಲ ಕತ್ತರಿಸಿ ಬಣ್ಣ ಹಚ್ಚಿದಳು. ಆ ಡೂರಿಯನ್ ಎಷ್ಟು ಚೆನ್ನಾಗಿತ್ತೆಂದರೆ ನಿಜವಾದ ಹಣ್ಣಿನ ನಾತವೇ ಬರುತ್ತಿತ್ತು. ಅವಳ ವೀಸಾ ಮುಗಿಯುವುದು ಅದೇ ವಾರದ ಶುಕ್ರವಾರ. ಇನ್ನೊಂದು ವರ್ಷ ಇರಬೇಕಾದರೆ ಹೆಡ್ಮಾಸ್ತರ್ ವಿರೋಟ್ ಒಂದು ಕಾಗದಕ್ಕೆ ಸಹಿ ಹಾಕಬೇಕು. ಕಾಗದ ಒಂದು ತಿಂಗಳಿಂದ ಅವರ ಡ್ರಾಯರಿನಲ್ಲಿತ್ತು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ವಿರೋಟ್ ನಮ್ಮಿಬ್ಬರನ್ನೂ ಕರೆದರು. ನಿನಗೆ ಗೊತ್ತಿರುವ ಅದೇ ನಗು.

“ಟೀಚರ್ ಲುಡಿ, ನಾಳೆ ನಿಮ್ಗೆ ರೆಸ್ಟು. ಪಾಠಕ್ಕೆ ಮಿಸ್ಟರ್ ತಾಪಿಯೊ ನಿಲ್ತಾರೆ.”

“ಯಾವ ತಾಪಿಯೊ, ಸರ್?”

“ಗೇಟಿನ ಬ್ಯಾನರಲ್ಲಿ ಇದಾರಲ್ಲ, ಅವ್ರು.”

ತಾಪಿಯೊ ಯಾರು ಅಂದರೆ, ಫಿನ್ಲೆಂಡಿನಲ್ಲಿ ಮೂವತ್ತು ವರ್ಷ ಲಾರಿ ಓಡಿಸಿ, ರಿಟೈರಾಗಿ, ನಮ್ಮೂರ ಸಂತೆಬೀದಿಯ ಶ್ಯಾವಿಗೆ ಅಂಗಡಿಯ ಹೆಂಗಸನ್ನು ಮದುವೆಯಾಗಿರುವ ಮನುಷ್ಯ. ಆರಡಿ ಮೂರಂಗುಲ, ಹಳದಿ ಕೂದಲು. ಇಂಗ್ಲಿಷ್ ಬರುವುದಿಲ್ಲ. ಹತ್ತು ಪದ ಬರುತ್ತದೆ, ಅದರಲ್ಲಿ ಆರು ಬಿಯರಿಗೆ ಸಂಬಂಧಪಟ್ಟವು. ಇಲ್ಲಿಯವರು ಇಂಗ್ಲಿಷ್ ಮಾತೃಭಾಷೆಯಾದವರನ್ನು ‘ಭಾಷೆಯ ಮಾಲೀಕರು’ ಅನ್ನುತ್ತಾರಲ್ಲ, ಬ್ಯಾನರಿನ ಮೇಲೂ ಹಾಗೇ ಬರೆಸಿದ್ದರು: ‘ನಮ್ಮಲ್ಲಿ ಭಾಷೆಯ ಮಾಲೀಕರೇ ಕಲಿಸುತ್ತಾರೆ.’ ಮಾಲೀಕ ಶ್ಯಾವಿಗೆ ಬಟ್ಟಲು ತೊಳೆಯುತ್ತಿದ್ದ. ಉಳುತ್ತಿದ್ದವರು ನಾವು, ಗೇಣಿದಾರರು. ಇನ್ನೊಂದು ವಿಷಯ. ಅವನನ್ನು ಹುಡುಕಿಕೊಟ್ಟವನು ನಾನೇ. ಬ್ಯಾನರಿಗೆ ಒಬ್ಬ ಬಿಳಿಯ ಬೇಕು ಅಂತ ವಿರೋಟ್ ಕೇಳಿದರು, ನಾನು ತೋರಿಸಿದೆ. ಆಗ ತಮಾಷೆ ಅನ್ನಿಸಿತ್ತು.

ಲುಡಿ ಹೇಳಿದಳು: “ಪಾಠ ನಂದು, ಸರ್.”

“ಪಾಠ ನಿಮ್ದೇ. ಮುಖ ಮಾತ್ರ ಅವ್ರದು.”

“ಅವ್ರಿಗೆ ಇಂಗ್ಲಿಷ್ ಬರಲ್ಲ.”

“ನಿಮ್ಗೆ ಬರತ್ತೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅಪ್ಪ-ಅಮ್ಮ ಇಂಗ್ಲಿಷ್ ಕೇಳಕ್ಕೆ ಬರಲ್ಲ ಟೀಚರ್, ನೋಡಕ್ಕೆ ಬರ್ತಾರೆ. ನಿಮ್ಮನ್ನ ನೋಡಿದ್ರೆ ನಮ್ಮೂರ ತರಕಾರಿ ಮಾರೋರ ಹಾಗೇ ಕಾಣ್ತೀರಿ. ಬೇಜಾರು ಮಾಡ್ಕೋಬೇಡಿ.”

“ನಾನೇನು ಮಾಡ್ಲಿ ನಾಳೆ?”

“ಅಧಿಕಾರಿಗಳಿಗೆ ನೀರು ಕೊಡಿ. ಟ್ರೇ ಹಿಡ್ಕೊಂಡು ಹಿಂದಿನ ಬಾಗಿಲಲ್ಲಿ ನಿಂತಿರಿ. ಬಾಯಿ ಬಿಡಬೇಡಿ. ಸಂಜೆ ಬನ್ನಿ, ನಿಮ್ಮ ಕಾಗದಕ್ಕೆ ಸಹಿ ಹಾಕ್ತೀನಿ.”

ಹೊರಗೆ ಬಂದ ಮೇಲೆ ನಾನು ಲುಡಿಗೆ ಹೇಳಿದೆ, “ಒಂದು ಗಂಟೆ ತಾನೇ. ನೀರು ಕೊಟ್ಟು ಬಿಡು.”

“ನೀನು ನಕ್ಕೊಂಡೇ ಸಾಯ್ತೀಯ, ಅಣ್ಣ,” ಅಂದಳು. ಬೈದಳೋ ಹರಸಿದಳೋ ನನಗೆ ಇವತ್ತಿಗೂ ತಿಳಿದಿಲ್ಲ.

ಮಾರನೇ ದಿನ. ಕ್ಲಾಸಿನ ಹಿಂದೆ ಮೂರು ಜನ ಅಧಿಕಾರಿಗಳು, ಒಬ್ಬರ ಎದೆಯ ಮೇಲೆ ಎಷ್ಟು ಪದಕಗಳಿದ್ದವೆಂದರೆ ಅವರು ಮುಂದಕ್ಕೆ ಬಾಗಿಯೇ ನಡೆಯುತ್ತಿದ್ದರು. ಸುತ್ತ ಅಪ್ಪ-ಅಮ್ಮಂದಿರು. ನನ್ನ ಕೈಯಲ್ಲಿ ಕ್ಯಾಮೆರಾ. ವರ್ಷವೆಲ್ಲ ಸತ್ತಿದ್ದ ಎಸಿ ಅವತ್ತು ಎದ್ದು ಕೂತು ಹಿಮ ಕಾರುತ್ತಿತ್ತು. ಮುಂದೆ ತಾಪಿಯೊ, ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಅಂಗಿಯಲ್ಲಿ, ರಟ್ಟಿನ ಡೂರಿಯನ್ ಹಿಡಿದು. ಹಿಂದಿನ ಬಾಗಿಲಲ್ಲಿ ಲುಡಿ, ಟ್ರೇ ಹಿಡಿದು.

ಈಗ ಕೇಳು. ಈ ದೇಶದ ಪ್ರತಿ ಕ್ಲಾಸಿನಲ್ಲೂ ಒಂದು ಪದ್ಧತಿ ಇದೆ, ನೀನೂ ದಿನಾ ಮಾಡುತ್ತೀಯ. ಲೀಡರ್ ‘ಸ್ಟ್ಯಾಂಡ್ ಅಪ್ ಪ್ಲೀಸ್’ ಅನ್ನುತ್ತದೆ. ಎಲ್ಲರೂ ಎದ್ದು ‘ಗುಡ್ ಮಾರ್ನಿಂಗ್ ಟೀಚರ್’ ಅನ್ನುತ್ತಾರೆ. ಟೀಚರ್ ‘ಸಿಟ್ ಡೌನ್ ಪ್ಲೀಸ್’ ಅನ್ನಬೇಕು. ಅನ್ನುವವರೆಗೆ ಯಾರೂ ಕೂರುವಂತಿಲ್ಲ. ವಿರೋಟ್ ಮಾಲೀಕನ ಕೂದಲು ಬಾಚಿಸಿದರು, ಬೂಟು ಕೊಡಿಸಿದರು, ಹಲ್ಲು ಕೂಡ ನೋಡಿದರು. ಇದೊಂದನ್ನು ಮರೆತರು.

ಲೀಡರ್ ಫಾಯ್ ಅನ್ನುವ ಹುಡುಗಿ, ಎರಡು ಜಡೆಯವಳು. ಎದ್ದು ಕೂಗಿದಳು. ನಲವತ್ತೆರಡು ಮಕ್ಕಳೂ ಎದ್ದವು. ಎದ್ದು, ತಾಪಿಯೊನನ್ನು ಒಂದು ಸಲ ನೋಡಿ, ಎಲ್ಲವೂ ಒಟ್ಟಿಗೆ ಹಿಂದಕ್ಕೆ ತಿರುಗಿ, ಟ್ರೇ ಹಿಡಿದವಳಿಗೆ ಕೈಮುಗಿದು, “ಗುಡ್ ಮಾರ್ನಿಂಗ್ ಟೀಚರ್” ಅಂದವು.

ಲುಡಿ ಬಾಯಿ ಬಿಡಲಿಲ್ಲ.

“ಸಿಟ್,” ಅಂದ ತಾಪಿಯೊ. ಅವನು ನಾಯಿಗೆ ಹೇಳುವ ಪದ ಅದು. ಮಕ್ಕಳು ಕೂರಲಿಲ್ಲ.

“ಕೂತ್ಕೊಳ್ರೋ ಮಕ್ಳೇ,” ಅಂದರು ವಿರೋಟ್, ನಗುತ್ತಲೇ. ಕೂರಲಿಲ್ಲ.

ಪದಕದ ಅಧಿಕಾರಿ ಕೇಳಿದರು, “ಯಾಕಮ್ಮ, ಕೂರಲ್ವಾ?”

“ಟೀಚರ್ ಇನ್ನೂ ಹೇಳಿಲ್ಲ ಸರ್,” ಅಂದಳು ಫಾಯ್.

“ಅಲ್ಲಿ ಹೇಳಿದ್ರಲ್ಲ.”

“ಅವ್ರು ಶ್ಯಾವಿಗೆ ಅಂಗಡಿ ಅಂಕಲ್ಲು.”

ಒಬ್ಬ ತಾಯಿ ಕಿಸಕ್ ಅಂದಳು. ವಿರೋಟರ ನಗು ಮುಖದ ಮೇಲೇ ಇತ್ತು, ಒಣಗಲು ಹಾಕಿದ ಬಟ್ಟೆಯ ಹಾಗೆ. ಕ್ಲಾಸು ನಿಂತೇ ಇತ್ತು. ಎಷ್ಟು ಹೊತ್ತು ಅಂದರೆ, ಕಿಟಕಿಯ ಬಿಸಿಲು ಮೊದಲ ಸಾಲಿನಿಂದ ಮೂರನೇ ಸಾಲಿಗೆ ನಡೆದುಬಂತು. ರಟ್ಟಿನ ಮಾವು ಹಣ್ಣಾಯಿತು. ಮೂರನೇ ಸಾಲಿನ ಒಂದು ಮಗು ನಿಂತಲ್ಲೇ ನಿದ್ದೆ ಮಾಡಿ, ಕನಸು ಕಂಡು, ಎದ್ದಿತು, ಕೂರಲಿಲ್ಲ.

ನಾನು ಕ್ಯಾಮೆರಾದಲ್ಲಿ ಲುಡಿಯ ಮುಖ ನೋಡುತ್ತಿದ್ದೆ. ಮೂರು ಪದ ಹೇಳಿದರೆ ಸಹಿ ಹೋಯಿತು, ಎಂಟು ವರ್ಷ ಹೋಯಿತು. ಹೇಳದಿದ್ದರೆ ಮಕ್ಕಳು ನಿಂತೇ ಇರುತ್ತವೆ. ಅವಳು ನೋಡುತ್ತಿದ್ದದ್ದು ಮಕ್ಕಳ ಮೊಣಕಾಲನ್ನು. ನಡುಗುತ್ತಿದ್ದವು.

ಆಗ ತಾಪಿಯೊ ಡೂರಿಯನ್ನನ್ನು ಮೇಜಿನ ಮೇಲಿಟ್ಟ. ಲುಡಿಯ ಕಡೆ ತಿರುಗಿದ. ಆರಡಿ ಮೂರಂಗುಲ ಬಗ್ಗಿಸಿ ಅವನೂ ಕೈಮುಗಿದ.

ಲುಡಿ ಮುಂದೆ ಬಂದಳು. ಟ್ರೇಯನ್ನು ವಿರೋಟರ ಕೈಗೆ ಕೊಟ್ಟಳು. ಅವರು ಯಾಕೆ ಹಿಡಿದುಕೊಂಡರೋ, ಹಿಡಿದುಕೊಂಡರು. ಬೋರ್ಡಿನ ಮುಂದೆ ನಿಂತು, “ಸಿಟ್ ಡೌನ್ ಪ್ಲೀಸ್,” ಅಂದಳು.

ನಲವತ್ತೆರಡು ಮಕ್ಕಳು ಕೂತವು. ನಿಂತಿದ್ದ ಅಪ್ಪ-ಅಮ್ಮಂದಿರೂ ಕೂತರು. ಪದಕದವರು ಆಗಲೇ ಕೂತಿದ್ದರು, ಇನ್ನೊಂದು ಸಲ ಎದ್ದು ಕೂತರು. ತಾಪಿಯೊ ಕೊನೇ ಬೆಂಚಿನಲ್ಲಿ ಮಂಡಿ ಮಡಚಿ ಕೂತು ಪಾಠ ಪೂರ್ತಿ ಕೇಳಿದ. ಅವನಿಗೆ ಈಗ ಇಂಗ್ಲಿಷಿನಲ್ಲಿ ಹನ್ನೊಂದು ಹಣ್ಣಿನ ಹೆಸರು ಬರುತ್ತದೆ. ಅಂಥ ಪಾಠ ನಾನು ನೋಡಿಲ್ಲ ಆರ್ಲೀನ್. ಅದು ಮಾತ್ರ ಒಂದಿಷ್ಟೂ ಉಪ್ಪುಖಾರ ಇಲ್ಲದ ನಿಜ.

ಆಮೇಲೆ? ಆಮೇಲೆ ಏನು. ಜಿಲ್ಲೆಗೆ ಮೊದಲ ಬಹುಮಾನ ನಮ್ಮ ಶಾಲೆಗೇ ಬಂತು. ಪ್ರಶಸ್ತಿಪತ್ರ ಹೆಡ್ಮಾಸ್ತರ ರೂಮಿನಲ್ಲಿ ತೂಗುಹಾಕಿದೆ, ಹೋಗಿ ಓದು. ‘ಭಾಷೆಯ ಮಾಲೀಕರಾದ ಶ್ರೀ ತಾಪಿಯೊ ಅವರಿಗೆ.’ ಶುಕ್ರವಾರ ಲುಡಿ ಕಾಗದ ಕೇಳಲು ಹೋದಳು. ವಿರೋಟ್ ಡ್ರಾಯರಿಂದ ಬೇರೆ ಕಾಗದ ತೆಗೆದರು. ಶಿಸ್ತು ಮೀರಿದ್ದಾಳೆ, ಮಕ್ಕಳನ್ನು ಹಿರಿಯರ ವಿರುದ್ಧ ಎತ್ತಿಕಟ್ಟಿದ್ದಾಳೆ, ಆದ್ದರಿಂದ ಕಾಂಟ್ರಾಕ್ಟು ಮುಂದುವರಿಸುವುದಿಲ್ಲ. ಕೆಳಗೆ ಹೆಡ್ಮಾಸ್ತರ ಸಹಿ, ಅದರ ಕೆಳಗೆ ಸಾಕ್ಷಿಯ ಸಹಿ. ಅವತ್ತೇ ದೇಶ ಬಿಡಬೇಕು. ಸಂಜೆ ಐದಕ್ಕೆ ಎರಡು ಸೂಟ್‌ಕೇಸು, ಒಂದು ರೈಸ್ ಕುಕ್ಕರು ಹಿಡಿದು ಸೇತುವೆ ದಾಟಿ ಲಾವೋಸಿನ ಕಡೆ ಹೋದಳು. ಬಸ್ಸಿನ ತನಕ ಕುಕ್ಕರ್ ಹೊತ್ತವನು ತಾಪಿಯೊ. ನಾನು ಹೋಗಲಿಲ್ಲ. ಹೊಟ್ಟೆನೋವಿತ್ತು.

ಸೋಮವಾರ ಆ ಕ್ಲಾಸಿಗೆ ನನ್ನನ್ನು ಹಾಕಿದರು. ಮಕ್ಕಳು ಎದ್ದವು. ಗುಡ್ ಮಾರ್ನಿಂಗ್ ಅನ್ನಲಿಲ್ಲ. ನಾನು “ಸಿಟ್ ಡೌನ್ ಪ್ಲೀಸ್” ಅಂದೆ. ಕೂರಲಿಲ್ಲ. “ಕೂತ್ಕೊಳ್ರಪ್ಪ, ಕಾಲು ನೋಯತ್ತೆ” ಅಂದೆ. ಕೂರಲಿಲ್ಲ. ಒಂದು ಗಂಟೆ ನಿಂತೇ ಬರೆದುಕೊಂಡವು. ಮಾರನೇ ದಿನವೂ ಹಾಗೇ. ಹನ್ನೊಂದು ದಿನ, ಆರ್ಲೀನ್. ಬೆಂಚುಗಳ ಮೇಲೆ ಅಣಬೆ ಬೆಳೆಯಿತು. ವಿರೋಟ್ ಬಂದು ಬೆತ್ತ ಬೀಸಿದರು, ಮಕ್ಕಳು ನಿಂತೇ ಏಟು ತಿಂದವು. ಹನ್ನೆರಡನೇ ದಿನ ನಾನು ಬೇರೆ ಕ್ಲಾಸು ಬೇಡಿಕೊಂಡೆ.

ಆ ಮಕ್ಕಳು ಈಗ ಎಲ್ಲಿ ಅಂತೀಯಾ? ಐದನೇ ಕ್ಲಾಸ್ ಬಿ. ನಿನ್ನ ಕ್ಲಾಸೇ. ಮೂರು ತಿಂಗಳಿಂದ ನೀನು ಹೇಳಿದರೆ ಕೂರುತ್ತವೆ, ಅದೇ ದೊಡ್ಡದು. ಇವತ್ತು ಮುಂದೆ ನಿಲ್ಲುವವನು ಯಾರು ಅಂತ ಕೇಳಿದೆಯಲ್ಲ, ತಾಪಿಯೊ ಈ ಸಲ ಬರಲ್ಲ ಅಂದ. ಇವನು ನಿನ್ನೆ ಸೈಕಲ್ಲಿನಲ್ಲಿ ಊರು ನೋಡಲು ಬಂದವನು, ಎಲ್ಲಿಯವನೋ, ಕೂದಲಂತೂ ಹಳದಿ. ನೀನು ಟ್ರೇ ಹಿಡಿದು ನಿಂತುಬಿಡು. ಒಂದು ಗಂಟೆ ತಾನೇ. ನಿನ್ನ ಕಾಗದವೂ ಡ್ರಾಯರಿನಲ್ಲೇ ಇದೆ.

ಏನಂದೆ? ಸಾಕ್ಷಿಯ ಸಹಿ ಯಾರದ್ದು ಅಂತಲಾ?

ಅದೆಲ್ಲ ಹಳೇ ಮಾತು. ನಿನಗೆ ಮೀನಿನ ಕಥೆ ಪೂರ್ತಿ ಹೇಳಲಿಲ್ಲ, ಆ ಮೀನು ಹಿಂದಿನ ಚಕ್ರ ನುಂಗಿ... ಹಾಗೆ ನೋಡಬೇಡ ನನ್ನ. ಅದರ ಮುಂದಿನ ತಿಂಗಳು ನನ್ನ ವೀಸಾನೂ ಮುಗೀತಿತ್ತು. ಹದಿನಾಲ್ಕು ವರ್ಷ ಅಂದ್ರೆ ಏನು ಅಂತ ನಿಂಗೇನು ಗೊತ್ತು. ಯಾಕೆ, ಟ್ರೇ ಯಾಕೆ ನನ್ನ ಕೈಗೆ ಕೊಡ್ತಿದೀಯ? ಆರ್ಲೀನ್. ಅದಲ್ಲ, ಅದು ಮುಂದಿನ ಬಾಗಿಲು, ನಿಂಗೆ ಹಿಂದಿನ ಬಾಗಿಲಲ್ಲಿ ನಿಲ್ಲು ಅಂದಿದಾರೆ. ನಿಲ್ಲು ಸ್ವಲ್ಪ, ಮುಗಿಸ್ತೀನಿ, ನಾನು ಅವತ್ತು ಸಹಿ ಹಾಕಿದ್ದು ಯಾಕೆ ಅಂದ್ರೆ