ಹಾಲು ಹಾಕದ ಟೀ

"ಅಕ್ಕಾ, ಇವರು ಸ್ಕೂಟರ್ ಹೊರಗೆ ತೆಗೆದಿದ್ದಾರೆ. ಬೀದಿಯವರೆಲ್ಲ ಹೊರಟರು. ನಾವೂ ಹೊರಡೋದಾ, ಬೇಡ್ವಾ?"

ತಂಗಿ ಕೇಳುತ್ತಿದ್ದಂತೆಯೇ ಫೋನು ಕಟ್ಟಾಯಿತು. ಅಕ್ಕ ಮತ್ತೆ ಮತ್ತೆ ಪ್ರಯತ್ನಿಸಿದರು. ಲೈನ್ ಸಿಗಲೇ ಇಲ್ಲ.

"ಮೇಡಂ, ಬನ್ನಿ," ಎಂದು ನಿರೂಪಕಿ ರೇಡಿಯೋ ಸ್ಟುಡಿಯೋದ ಬಾಗಿಲು ಹಿಡಿದು ನಿಂತಳು. ತಂಗಿಯ ಊರಿನ ಪಕ್ಕದ ಅಣುಸ್ಥಾವರದಲ್ಲಿ ಬೆಳಿಗ್ಗೆ ಅಪಘಾತವಾಗಿ ವಿಕಿರಣ ಸೋರಿತ್ತು. ಅಪಾಯ ಎಷ್ಟು, ಏನು ಮಾಡಬೇಕು ಎಂದು ಜನರಿಗೆ ತಿಳಿಹೇಳಲು, ಆ ವಿಷಯದಲ್ಲೇ ತಲೆ ನರೆಸಿಕೊಂಡ ಅಕ್ಕನನ್ನು ಕರೆಸಿದ್ದರು.

ಅದೇ ಸ್ಟುಡಿಯೋ. ಮೇಜಿನ ಹಸಿರು ಬಟ್ಟೆ ಮಾತ್ರ ಹೊಸದು. ಎಷ್ಟೋ ವರ್ಷಗಳ ಹಿಂದೆ ಇಂಥದೇ ಸೋರಿಕೆಯಾದಾಗ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಅಕ್ಕ, ಹಸು ಮೇದ ಹುಲ್ಲಿನಿಂದ ಹಾಲಿಗೂ ವಿಷ ಇಳಿದಿದೆಯೇ ಎಂದು ದಿನವೂ ಹಾಲಿನ ಮಾದರಿ ಪರೀಕ್ಷಿಸಿ, ಸಂಜೆ ಇಲ್ಲಿ ಬಂದು ಫಲಿತಾಂಶ ಹೇಳುತ್ತಿದ್ದರು. ಮೊದಲ ದಿನ ನಾಲಿಗೆ ಒಣಗಿ ಮಾತೇ ಹೊರಡಲಿಲ್ಲ. ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದ ಹಿರಿಯರು, ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದವರು, ಒಳಗೆ ಬಂದು ನೀರಿಟ್ಟರು. "ಊರಿಗೆಲ್ಲ ಮಾತಾಡೋಕೆ ಹೋಗಬೇಡಮ್ಮ. ಮನೇಲಿ ಒಬ್ಬರಿಗೆ ಹೇಳೋ ಹಾಗೆ ಹೇಳು, ಸಾಕು."

ಮೇಷ್ಟ್ರಿಗೆ ಗಟ್ಟಿ ಹಾಲಿನ ಟೀ ಎಂದರೆ ಪ್ರಾಣ. ಆದರೂ ಅಕ್ಕ ರೇಡಿಯೋದಲ್ಲಿ ಹಾಲು ಬೇಡ ಎಂದಷ್ಟೂ ದಿನ, ಸ್ಟುಡಿಯೋದ ಗಾಜಿನ ಗೋಡೆಯಾಚೆ ಕೂತು ಕಪ್ಪು ಟೀ ಲೋಟವನ್ನು ಎತ್ತಿ ತೋರಿಸಿ, ಮುಖ ಹಿಂಡಿಕೊಂಡು ಕುಡಿಯುತ್ತಿದ್ದರು. ಅಕ್ಕನ ನಗು ಧ್ವನಿಗೂ ಇಳಿಯುತ್ತಿತ್ತು. ಕೇಳುವವರ ಭಯ ಎಷ್ಟು ಇಳಿಯಿತೋ, ಹೇಳುವವಳದಂತೂ ಇಳಿಯಿತು.

ಕೆಂಪು ದೀಪ ಹತ್ತಿತು.

"ಒಂದೇ ಮಾತಲ್ಲಿ ಹೇಳಿ ಮೇಡಂ, ಜನ ಅಲ್ಲಿ ಸುರಕ್ಷಿತವಾಗಿದ್ದಾರಾ, ಇಲ್ವಾ?"

"ಒಂದೇ ಮಾತಲ್ಲಿ ಹೇಳಿದರೆ ಸುಳ್ಳಾಗತ್ತೆ. ಈಗ ಗಾಳಿ ಆ ಊರಿನ ಮೇಲೇ ಬೀಸ್ತಾ ಇದೆ..." ಎಂದು ಶುರುಮಾಡಿದ ಅಕ್ಕ ಗಾಜಿನತ್ತ ನೋಡಿದರು. ಆಚೆಯ ಕುರ್ಚಿ ಖಾಲಿ. ಈಗ ಎಲ್ಲ ಯಂತ್ರವೇ ನೋಡಿಕೊಳ್ಳುತ್ತದೆ. ತಂಗಿಯ ಅಡುಗೆಮನೆಯಲ್ಲಿ ಸದಾ ಗುಯ್‌ಗುಡುವ ರೇಡಿಯೋ ನೆನಪಾಯಿತು. ಆರಿಸದೇ ಇದ್ದರೆ ಸಾಕಿತ್ತು.

"ಈಗ ಹೊರಡಬೇಡ ಕಣೇ. ಸ್ಕೂಟರ್ ಮೇಲೆ ಹೋದ್ರೆ ಆ ಗಾಳಿನೇ ಕುಡ್ಕೊಂಡು ಹೋದ ಹಾಗೆ. ಒಳಗೆ ಬಂದು ಕಿಟಕಿ, ಬಾಗಿಲು ಹಾಕ್ಕೊ, ಫ್ಯಾನ್ ಆರಿಸು. ಹಿತ್ತಲಲ್ಲಿ ಬಟ್ಟೆ ಒಣಹಾಕಿದ್ದೀಯ, ಗೊತ್ತು. ಅಲ್ಲೇ ಇರಲಿ, ತರೋಕೆ ಓಡಬೇಡ. ಮೇಯೋ ಹಸುವಿನ ಹಾಲು ಸದ್ಯಕ್ಕೆ ಬೇಡ. ಹೊರಡು ಅಂತ ಅಧಿಕಾರಿಗಳು ಹೇಳಿದಾಗ ಹೊರಡು. ಅಲ್ಲಿವರೆಗೂ ನಾನು ಇಲ್ಲೇ ಮಾತಾಡ್ತಾ ಇರ್ತೀನಿ."

ನಿರೂಪಕಿ ಕಾಗದದಿಂದ ತಲೆಯೆತ್ತಿದಳು. ಮೈಕನ್ನು ಅಕ್ಕನ ಹತ್ತಿರಕ್ಕೆ ಇನ್ನಷ್ಟು ಸರಿಸಿದಳು.

ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಫೋನಿನಲ್ಲಿ ಸಂದೇಶ ಬಂದಿತ್ತು. "ಸ್ಕೂಟರ್ ಒಳಗಿಟ್ಟರು. ಊರಿಗೆಲ್ಲ ಕೇಳೋ ಹಾಗೆ ನನ್ನ ಬಟ್ಟೆ ವಿಷಯ ಹೇಳಬೇಕಿತ್ತಾ?"

ಅಕ್ಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿರೂಪಕಿ ಟೀ ತರಿಸಿದಳು. "ಹಾಲು ಹಾಕಲಾ ಮೇಡಂ? ಇಲ್ಲೇನೂ ತೊಂದರೆ ಇಲ್ವಲ್ಲ?"

"ಇಲ್ಲೇನೂ ಇಲ್ಲಮ್ಮ. ಆದರೂ ಸದ್ಯಕ್ಕೆ ಬೇಡ."

ಕಪ್ಪು ಟೀ ಲೋಟವನ್ನು ಅವರು ಗಾಜಿನ ಕಡೆಗೊಮ್ಮೆ ಎತ್ತಿದರು. ಒಂದು ಗುಟುಕು ಕುಡಿದು, ಮುಖ ಹಿಂಡಿಕೊಂಡರು.