ಬಿಳಿ ಒಡಲು, ಬದನೆಹೂವಿನ ದಡಿ

ನಾನು ಒಂದು ಕುರ್ಪಿ. ಅಂಗೈಯಗಲದ ಅಲಗು, ಗೇಣುದ್ದದ ಜಾಲಿ ಕಟ್ಟಿಗೆಯ ಹಿಡಿ. ಕಳೆ ಕೀಳುವುದು, ಬೀಜಕ್ಕೆ ಗುಣಿ ತೋಡುವುದು ನನ್ನ ಕೆಲಸ. ಮೊದಲು ನಾನು ಎತ್ತಿನ ಗಾಡಿಯ ಗಾಲಿಗೆ ಬಿಗಿದ ಪಟ್ಟಿಯಾಗಿದ್ದೆನಂತೆ. ಕುಲುಮೆಯ ಬೆಂಕಿ ಅದನ್ನೆಲ್ಲ ಮರೆಸಿತು. ಕಮ್ಮಾರ ನನ್ನನ್ನು ಬಡಿದು ನೀರಿಗೆ ಅದ್ದಿದಾಗ ಚುಂಯ್ ಎಂದು ಕೂಗಿದೆ. ನಾನು ಆಡಿದ ಮಾತು ಅದೊಂದೇ. ಅಲ್ಲಿಂದಾಚೆ ನನ್ನದು ಬರಿಯ ಕೇಳುವ ಬಾಳು.

ಇಳಕಲ್ಲಿನ ಸಂತೆಯಲ್ಲಿ ನನ್ನನ್ನು ಕೊಂಡವಳು ದಾಕ್ಷಾಯಿಣಿ. ಅವಳ ಗಂಡ ಮುದಕಪ್ಪ ಸೀರೆ ನೇಯುವವನು. ಆ ಮನೆಯಲ್ಲಿ ಎಲ್ಲಕ್ಕೂ ಸೀರೆಯದೇ ಭಾಷೆ. ಹೂವಿನ ಮಡಿಯ ನಡುಭಾಗಕ್ಕೂ ಒಡಲು ಎನ್ನುತ್ತಿದ್ದರು, ಅಂಚಿಗೆ ದಡಿ ಎನ್ನುತ್ತಿದ್ದರು.

ಮಡಿಯ ತುಂಬ ಸಂಜೆಮಲ್ಲಿಗೆ. ದಿನವೂ ನಾಲ್ಕು ಗಂಟೆಗೆ ಅರಳುವ ಹೂವು ಅದು. ಅದರ ಬೀಜ ಮೆಣಸಿನಕಾಳಿನಂತೆ ಕಪ್ಪಗೆ. ಯಾವ ಬಣ್ಣದ್ದೆಂದು ನೋಡಿ ಹೇಳಲಾಗದು. ಅದಕ್ಕೇ ಒಂದೊಂದು ಬಣ್ಣದ ಬೀಜವನ್ನು ಒಂದೊಂದು ಗಂಟು ಕಟ್ಟಿ, ಗಂಟಿಗೆ ಅದೇ ಬಣ್ಣದ ರೇಷ್ಮೆ ಎಳೆ ಸುತ್ತಿ ಇಡುತ್ತಿದ್ದರು. ಯಾವ ಗಂಟು ಬಿಚ್ಚಬೇಕೆಂಬುದು ಅತ್ತೆ ಅಂಬವ್ವನ ಅಪ್ಪಣೆ. ವರ್ಷ ವರ್ಷವೂ ಅದೇ: ಹಳದಿ ಒಡಲು, ಕೆಂಪು ದಡಿ.

ಒಂದು ಸಲ ದಾಕ್ಷಾಯಿಣಿ ತವರಿನಿಂದ ಎರಡು ಮುಷ್ಟಿ ಬೀಜ ತಂದು ಬಚ್ಚಲ ಹಿಂದೆ ಊರಿದಳು. ಗುಣಿ ತೋಡಿದವನು ನಾನೇ. ಅರಳಿದಾಗ ಒಡಲು ಬಿಳಿ. ಸುತ್ತ ಬದನೆಹೂವಿನ ಬಣ್ಣದ ದಡಿ. ಅವಳು ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಅಷ್ಟರಲ್ಲಿ ಅಂಬವ್ವ ಬಂದಳು.

"ಬಿಳಿ ಒಡಲು? ನನ್ನ ಮಗ ಇನ್ನೂ ಗಟ್ಟಿ ಅದಾನವಾ! ಮುತ್ತೈದಿ ಮನ್ಯಾಗ ಇದೇನ ಹಚ್ಚೀದಿ?"

"ನನಗ ಚಂದ ಕಾಣತೈತ್ರೀ, ಅತ್ತಿ."

"ನಿನ್ನ ಯಾರ ಕೇಳ್ಯಾರ? ಕೀಳು."

ನನ್ನಿಂದಲೇ ಕೀಳಿಸಿದರು. ಅವಳು ಅಳಲಿಲ್ಲ. ಬೇರು ಒಂದೂ ಉಳಿಯದಂತೆ, ಮೆಲ್ಲಗೆ, ನೋವಾಗದ ಹಾಗೆ ಕಿತ್ತಳು. ಆ ಚಳಿಗಾಲ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ.

ಎರಡು ವರ್ಷ ನಾನು ತುಕ್ಕು ಹಿಡಿದು ಬಚ್ಚಲ ಗೋಡೆಯಲ್ಲಿ ತೂಗಾಡಿದೆ. ಆಮೇಲೆ ಕಸ್ತೂರಿ ಬಂದಳು, ಮುದಕಪ್ಪನ ಎರಡನೆಯ ಹೆಂಡತಿ. ಅವಳ ಕೊರಳಲ್ಲಿ ತಾಳಿಯ ಪಕ್ಕ ಪುಟ್ಟ ಬೆಳ್ಳಿಯ ಪದಕ. ಅದು ಸತ್ತ ಮೊದಲ ಹೆಂಡತಿಯ ಹೆಸರಿನದು. ಕಸ್ತೂರಿ ಹೊಸ ಸೀರೆ ಉಡುವ ಮುಂಚೆ ಪದಕ ಬಿಚ್ಚಿಟ್ಟು, ಸೀರೆಯನ್ನು ಅದರ ಮುಂದಿಟ್ಟು, ಬಾಗಿಲು ಮುಚ್ಚಿ ಹೊರಗೆ ನಿಲ್ಲಬೇಕು. ಅಕ್ಕನಿಗೆ ಏರಿಸುವುದು ಎನ್ನುತ್ತಾರೆ. ಅಕ್ಕ ನೋಡಿದ ಮೇಲೆ ತಂಗಿ ಉಡಬೇಕು.

"ಅತ್ತಿ, ಈ ಕುರ್ಪಿಗೆ ಎಷ್ಟ ಜಂಗ ಹತ್ತೇತ್ರೀ!"

"ಕೆಲಸಕ್ಕ ಹಚ್ಚದಿದ್ರ ಮನಷ್ಯಾರಿಗೂ ಹತ್ತತೈತಿ. ನೀ ಕೈ ಆಡಸು."

ಕಸ್ತೂರಿ ನಗುತ್ತ ನನ್ನನ್ನು ಕಲ್ಲಿಗೆ ಮಸೆದಳು. ಆಗ ಅವಳಿಗೆ ಮೂರು ತಿಂಗಳು. ಹಳದಿ ಎಳೆಯ ಗಂಟು ಬಿಚ್ಚಿದಳು, ಕೆಂಪು ಎಳೆಯ ಗಂಟು ಬಿಚ್ಚಿದಳು. ನಾನು ಮಣ್ಣಿಗೆ ಇಳಿದೆ. ಇಳಿದೆ ಎನ್ನಲಾರೆ, ನಾನು ತಾಕುವ ಮೊದಲೇ ಮಣ್ಣು ದಾರಿ ಬಿಟ್ಟಿತು. ಒಳಗೆ ಅಂಗೈಯಷ್ಟು ಬೆಚ್ಚಗಿತ್ತು.

ಎರಡು ತಿಂಗಳ ಮೇಲೆ ಒಂದು ಸಂಜೆ ಮಡಿ ಅರಳಿತು. ಅಂಬವ್ವನ ಕೈಯ ಮೊರ ಜಾರಿ ಜೋಳವೆಲ್ಲ ಅಂಗಳಕ್ಕೆ ಚೆಲ್ಲಿತು. ಒಡಲು ಬಿಳಿ. ದಡಿ ಬದನೆಹೂವಿನ ಬಣ್ಣ.

"ಯಾವ ಗಂಟ ಬಿಚ್ಚೀದಿ ನೀ?"

"ಹಳದಿ ಎಳಿ ಸುತ್ತಿದ್ದರೀ ಅತ್ತಿ. ಬಿಳಿ ಗಂಟ ನಮ್ಮ ಮನ್ಯಾಗ ಎಲ್ಲೈತಿ?"

ಎಲ್ಲಿಯೂ ಇರಲಿಲ್ಲ. ಮಡಿಯನ್ನು ಕೀಳಿಸಿ, ಮಣ್ಣು ಬದಲಿಸಿ, ಓಣಿಯ ಇನ್ನೊಂದು ಮನೆಯಿಂದ ಹಳದಿ, ಕೆಂಪು ಬೀಜ ತರಿಸಿ ಹಾಕಿಸಿದರು. ಏಳನೆಯ ತಿಂಗಳಿಗೆ ಮತ್ತೆ ಅದೇ ಬಿಳಿ, ಅದೇ ದಡಿ. ಈ ಸಲ ಕೀಳಲು ಹೋದರೆ ಬೇರುಗಳು ನನ್ನ ಅಲಗನ್ನು ಸುತ್ತಿ ಹಿಡಿದವು, ಕೂಸು ಬೆರಳು ಹಿಡಿದ ಹಾಗೆ. ಕಸ್ತೂರಿ ನನ್ನನ್ನು ಅಲ್ಲಿಯೇ ಬಿಟ್ಟು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟಳು.

"ಅತ್ತಿ, ಖರೇ ಹೇಳ್ರಿ. ನನ್ನ ಕೂಸು ಉಳೀತೈತಿಲ್ಲೋ? ಈ ಬಣ್ಣ ಯಾರದು?"

ಅಂಬವ್ವ ಅವಳ ಪಕ್ಕ ಮಣ್ಣಿನ ಮೇಲೆಯೇ ಕೂತಳು. ಆಮೇಲೆ ಬಚ್ಚಲ ಹಿಂದಿನ ಕತೆಯನ್ನು ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ; ನಾನು ಕೇಳುತ್ತಿದ್ದೆ.

ಕಸ್ತೂರಿ ಕೊರಳ ಪದಕವನ್ನು ಬೆರಳಲ್ಲಿ ಹಿಡಿದಳು. "ಇಷ್ಟ ದಿನಾ ನಮ್ಮ ಮನಸಿಗೆ ಸೇರಿದ ಸೀರಿ ಅಕ್ಕಗ ಏರಿಸೇವ್ರೀ. ಆಕಿ ಮನಸಿಗೆ ಸೇರಿದ್ದು ಒಂದರೆ ಏರಿಸೇವೇನು?"

ಮುದಕಪ್ಪನಿಗೆ ಹೇಳಿದರೆ ಅವನು ಹೌಹಾರಿದ. "ಬಿಳಿ ಒಡಲು ಮಗ್ಗಕ್ಕ ಹಾಕಿದ್ರ ಓಣಿ ಮಂದಿ ನಾ ಸತ್ತೆ ಅಂತಾರ!"

"ಮಗ್ಗದಾಗ ಕುಂತು ನೀವ ನೇಯ್ರಿ. ಸತ್ತಿಲ್ಲಂತ ಅವರಿಗೆ ತಿಳೀತೈತಿ," ಎಂದಳು ಕಸ್ತೂರಿ.

ಅವನು ನೇಯ್ದ. ಆರು ದಿನ ಮಗ್ಗದ ಸದ್ದು ಓಣಿಗೆಲ್ಲ ಕೇಳಿತು. ಸೀರೆಯನ್ನು ಮಡಚಿ ಪದಕದ ಮುಂದಿಟ್ಟು ಬಾಗಿಲು ಮುಚ್ಚಿದರು. ನಾನು ಅಂಗಳದ ಕಟ್ಟೆಯ ಮೇಲಿದ್ದೆ. ಒಳಗೆ ಯಾರೂ ಇರಲಿಲ್ಲ. ಬಾಗಿಲು ತೆಗೆದಾಗ ಸೀರೆಯ ಮೊದಲ ಮಡಿಕೆ ಬಿಚ್ಚಿತ್ತು. ದಡಿಯ ಮೇಲೆ ನಾಲ್ಕು ಬೆರಳಗಲ ಹಸಿಮಣ್ಣು. ಕಸ್ತೂರಿ ಅದನ್ನು ಕೊಡವಲಿಲ್ಲ. ಹಾಗೆಯೇ ಉಟ್ಟಳು. ಅದನ್ನುಟ್ಟುಕೊಂಡೇ ಓಣಿಯ ಬಾವಿಗೂ ಹೋಗಿ ಬಂದಳು.

ದಿನ ತುಂಬಿ ಹೆಣ್ಣುಕೂಸು ಹುಟ್ಟಿತು. ತಾಯಿ, ಕೂಸು ಇಬ್ಬರೂ ಉಳಿದರು. ಮುಂದಿನ ವರ್ಷ ಹಳದಿ ಊರಿದರೆ ಹಳದಿಯೇ ಬಂತು. ಮಣ್ಣು ತಣ್ಣಗಿತ್ತು, ಗಟ್ಟಿಯಾಗಿತ್ತು. ನಾನು ಬಲ ಹಾಕಿಯೇ ಇಳಿಯಬೇಕಾಯಿತು.

ಆ ವರ್ಷವೇ ಅಂಬವ್ವ ಸೊಸೆಯನ್ನು ಕರೆದು ಕೂರಿಸಿಕೊಂಡಳು.

"ಏ ತಂಗಿ, ನಾ ಹ್ವಾದ ಮ್ಯಾಲ ನಿಮ್ಮ ಮಡಿಗೆ ಬಂದು ಕಾಡೂದು ನನಗ ಬ್ಯಾಡ. ನನ್ನ ಬಣ್ಣಾನೂ ಈಗ ಹೇಳಿಬಿಡ್ತೀನಿ. ಒಂದ ಮಡಿ ನನಗ ಮಾಡು."

"ಅದಕ್ಕೇನ್ರೀ ಅತ್ತಿ. ಹಳದಿ, ಕೆಂಪು ಹೌದಿಲ್ರೀ?"

"ಅದು ನಮ್ಮ ಅತ್ತೀದು."

ಕಸ್ತೂರಿ ಗೋಡೆಯ ಬದಿಗೆ ಹೊಸ ಮಡಿ ಅಗೆದಳು. ಅಂಬವ್ವ ನನ್ನನ್ನು ಕೈಯಲ್ಲಿ ಹಿಡಿದು, ಎಲ್ಲ ಗಂಟುಗಳನ್ನು ಮುಂದೆ ಹರವಿಕೊಂಡು ಕೂತಳು. ಗುಲಾಬಿ ಎತ್ತಿದಳು, ಇಟ್ಟಳು. ಕೆಂಪು ಎತ್ತಿದಳು, ಇಟ್ಟಳು. "ಇದು ನಮ್ಮವ್ವಗ ಸೇರತಿತ್ತು. ಇದು ನಿಮ್ಮ ಮಾವಗ," ಎಂದು ಒಂದೊಂದನ್ನೇ ಬದಿಗಿಟ್ಟಳು. ಗಂಟುಗಳೆಲ್ಲ ಮುಗಿದವು. ತನ್ನದು ಯಾವುದೆಂದು ಅವಳಿಗೆ ತಿಳಿಯಲಿಲ್ಲ. "ನಾಳಿಗೆ ಹೇಳ್ತೀನಿ ತಡಿ," ಎಂದಳು. ಮೂರು ತಿಂಗಳು ಹಾಗೆಯೇ ಕೂತಳು, ಎದ್ದಳು. ಒಂದು ದಿನ ಏಳಲಿಲ್ಲ.

ಈಗ ನಾನೂ ಮುದುಕ. ಅಲಗು ಸವೆದು ಹೆಬ್ಬೆರಳಗಲವಾಗಿದೆ. ಗೋಡೆಯ ಬದಿಯ ಆ ಮಡಿಯ ಬದುವಿನಲ್ಲಿ ನನ್ನನ್ನು ಸಿಕ್ಕಿಸಿಟ್ಟಿದ್ದಾರೆ. ಅಲ್ಲಿ ಯಾರೂ ಬೀಜ ಊರಿಲ್ಲ. ಆದರೂ ವರ್ಷಕ್ಕೊಮ್ಮೆ ಗಿಡ ಏಳುತ್ತವೆ, ಮೊಗ್ಗು ಬಿಡುತ್ತವೆ. ನಾಲ್ಕು ಗಂಟೆಗೆ ಉಳಿದ ಮಡಿಗಳು ಅರಳುವಾಗ ಇವು ಊದಿಕೊಂಡು, ಬಿರಿಯುವಂತಾಗಿ, ಬಣ್ಣ ತೋರದೆ ಹಾಗೆಯೇ ಉದುರುತ್ತವೆ. ಅಂಬವ್ವ ಇದ್ದಾಗ ನಿನ್ನ ಬಣ್ಣ ಯಾವುದೆಂದು ಒಬ್ಬರಾದರೂ ಕೇಳಿದ್ದರೆ ಎಂದುಕೊಳ್ಳುತ್ತೇನೆ. ಕೇಳುವ ಬಾಯಿ ನನಗಿಲ್ಲ.

ಕಸ್ತೂರಿಗಿದೆ. ಅವಳು ದಿನವೂ ಆ ಹೊತ್ತಿಗೆ ಬಂದು ಕೂರುತ್ತಾಳೆ. ಮೊಗ್ಗಿನ ಹತ್ತಿರ ಬಾಗಿ, "ಅವಸರಿಲ್ರೀ ಅತ್ತಿ. ಹೇಳ್ರಿ," ಎನ್ನುತ್ತಾಳೆ.

ಗಾಳಿ ಇರುವುದಿಲ್ಲ. ಮೊಗ್ಗುಗಳು ಒಂದೊಂದಾಗಿ ಅಲುಗುತ್ತವೆ, ಗಂಟುಗಳನ್ನು ಯಾರೋ ಎತ್ತಿ ಎತ್ತಿ ಇಡುತ್ತಿರುವ ಹಾಗೆ.